ಏರಿನಲ್ಲಿ ಜಾರುವ ಟ್ರ್ಯಾಕ್ಟರು

ಕುಶಾಲನಗರದಲ್ಲಿ ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದ ಯಮುನಳ ಪಕ್ಕದ ಬೆಂಚಿನಲ್ಲಿ ಒಬ್ಬ ವಿಧವೆಯೂ ಅವಳ ಮೈದುನನೂ ಕುಳಿತಿದ್ದರು. ಯಾವುದೋ ಎಸ್ಟೇಟಿನ ಹಳೇ ಟ್ರ್ಯಾಕ್ಟರು ಕೊಳ್ಳಲು ಹೊರಟವರೆಂದು ಮಾತಿನಿಂದಲೇ ತಿಳಿಯಿತು.

“ಅದಕ್ಕೆ ಗೇರೇ ಇಲ್ಲ ಅತ್ತಿಗೆ. ಎಣ್ಣೆ ಒತ್ತಡದಲ್ಲೇ ಚಕ್ರ ತಿರುಗ್ತದೆ. ನಿನ್ನೆ ಬೆಳಿಗ್ಗೆ ನೋಡ್ದೆ, ಚೆನ್ನಾಗಿ ಎಳೀತು.”

“ಬೆಳಿಗ್ಗೆ ಎಳೀತದೆ ದೇವರಾಜು. ಎಣ್ಣೆ ಕಾದ ಮೇಲೆ ಏರಲ್ಲಿ ಹಿಂದಕ್ಕೆ ಜಾರ್ತದೆ. ಒಳಗೆಲ್ಲ ಸವೆದು ಹೋಗೈತೆ ಅಂತ ಅದನ್ನ ಓಡಿಸ್ತಿದ್ದ ನಿಮ್ಮಣ್ಣ ಎಸ್ಟೇಟ್ ಸಾಹುಕಾರರಿಗೂ ಹೇಳಿದ್ರು.”

“ಅಣ್ಣನ ಕೈ ತಪ್ಪಿ ಗಾಡಿ ಜಾರ್ತು ಅಂತಲ್ವಾ ಸಾಹುಕಾರರು ಅಂದಿದ್ದು?”

“ಜಾರ್ತದೆ ಅಂತ ಹೇಳಿದ್ರೂ ಓಡ್ಸು ಅಂದ್ರಂತೆ. ಅವತ್ತು ಸಂಜೇನೆ ನಿಮ್ಮಣ್ಣ ಅದರಡಿಗೆ ಸಿಕ್ಕಿ ಹೋದ್ರು.”

ಯಮುನ ಬೇರೆ ಕಡೆ ನೋಡುತ್ತಾ ಕುಳಿತಳು.

“ನಮ್ಮ ಗದ್ದೇಲಿ ಏರೆಲ್ಲೈತೆ ಅತ್ತಿಗೆ?”

“ಗದ್ದೆಗೆ ಹೋಗೋ ದಾರೀಲಿ ಇಲ್ವಾ?”

ಅವನು ಬಸ್ಸು ಬರುವ ಕಡೆ ಇಣುಕಿದ.

“ಓಡ್ಸೋರ್ಯಾರು? ನಿಂಗೆ ಬರಲ್ಲ.”

“ಮಾದೇವ ಕಲ್ತವ್ನಲ್ವಾ.”

“ಅವನು ನನ್ನ ಮಗ ಕಣಪ್ಪ.”

“ಹೊಸದಕ್ಕೆ ಇನ್ನೆಷ್ಟು ವರ್ಷ ಕಾಯೋದು ಅತ್ತಿಗೆ?”

ಬಸ್ಸು ಬಂತು. ಯಮುನಳ ಹಿಂದೆಯೇ ದೇವರಾಜು ಹತ್ತಿ, ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯಿಂದ ಅತ್ತಿಗೆಯನ್ನು ಕೂಗಿದ. ಅತ್ತಿಗೆ ಎದ್ದಳು. ಬಸ್ಸಿಗೆ ಬೆನ್ನು ಹಾಕಿ ಊರಿನ ದಾರಿ ಹಿಡಿದಳು.

“ಎಷ್ಟು ಜನ?” ಎಂದ ಕಂಡಕ್ಟರ್.

ದೇವರಾಜು ಅವಳು ಮರೆಯಾಗುವವರೆಗೂ ನೋಡಿದ. ಆಮೇಲೆ, “ಒಬ್ಬನೇ” ಎಂದ.