ದರ್ಜಿಯ ಸ್ವಂತ ಅಳತೆ

…ಫೆಬ್ರವರಿ ಒಂಬತ್ತು, ಮೂರು ವರ್ಷದ ಹಿಂದೆ. ಮೋಡ ಇತ್ತು, ಗಾಳಿ ಇರಲಿಲ್ಲ. ಅವತ್ತು ಶುರುವಾಯ್ತು ಅಂತಿಟ್ಕೋ. ಸರಿ, ಅಲ್ಸರ್ ಅಲ್ಲ, ಒಪ್ಪಿದೆ. ಆಪರೇಷನ್ ಆದಾಗ ಅಲ್ಸರ್ ಅಂತ ನಿನಗೆ ಸುಳ್ಳು ಹೇಳಿದ್ದೆ. ಕೂತ್ಕೋ ತಂಗಿ, ಸ್ಟೂಲ್ ಮೇಲಿನ ಬಟ್ಟೆ ಆ ಕಡೆ ತಳ್ಳು.

ಅವತ್ತು ನನ್ನ ಪ್ಯಾಂಟಿನ ಸೊಂಟ ಮೂರನೇ ಸಲ ಒಳಗೆ ಹಿಡಿದು ಹೊಲಿದೆ. ಊರವರ ಸೊಂಟದ ಅಳತೆಯೆಲ್ಲ ಬಾಯಿಪಾಠ ಇರೋ ದರ್ಜಿ, ತನ್ನದು ನಾಲ್ಕು ಇಂಚು ಕರಗಿದಾಗ ಏನು ಮಾಡ್ದ? ಕನ್ನಡಿ ಮುಂದೆ ನಿಂತು ಮೀಸೆ ತಿರುವಿದ. ಬೊಜ್ಜು ಇಳೀತು ನೋಡಿ ಅಂತ ಗಿರಾಕಿಗಳ ಹತ್ರ ಜಂಬ ಬೇರೆ. ನಗು… ನಗಲ್ವಾ?

ರಕ್ತ ಹೋಗ್ತಿತ್ತು. ಮೂಲವ್ಯಾಧಿ ಅಂದ್ಕೊಂಡೆ. ಹದಿನಾರು ವರ್ಷ ಮೆಷಿನ್ ಮುಂದೆ ಕೂತವನಿಗೆ ಇನ್ನೇನು ಬರುತ್ತೆ? ಮೆತ್ತನೆ ದಿಂಬು ಹೊಲ್ಕೊಂಡೆ, ಅಂಚಿಗೆ ಪೈಪಿಂಗ್ ಕೊಟ್ಟು. ರೋಗಕ್ಕೆ ಸಿಂಹಾಸನ.

ಆಸ್ಪತ್ರೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಂದ್ರು. ಅದು ಮುದುಕರ ಕಾಯಿಲೆ ಅಲ್ವಾ ಅಂತ ಡಾಕ್ಟರಮ್ಮನ್ನ ಕೇಳಿದೆ, ವಿಳಾಸ ತಪ್ಪಿ ಬಂದಿದೆ ಅನ್ನೋ ಹಾಗೆ. ಮೂವತ್ತು, ನಲವತ್ತರವರೂ ಈಗ ಜಾಸ್ತಿ ಬರ್ತಿದ್ದಾರಂತೆ. ಏನು ತಿಂತೀರಿ, ಎಷ್ಟು ಹೊತ್ತು ಕೂರ್ತೀರಿ ಅಂತ ಕೇಳಿದ್ರು. ಪ್ಯಾಕೆಟ್ ಮಾಂಸ, ಬಾಟಲಿ ಪಾನೀಯ, ಟೀ ಜೊತೆ ಸಿಗರೇಟು… ಒಪ್ಪಿಸ್ತಾ ಹೋದೆ. ಶಾಲೆಯಲ್ಲಿ ಮಗ್ಗಿಯನ್ನೂ ಅಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ. ಅದರಲ್ಲಿ ಯಾವುದು ಕಾರಣ ಅಂದ್ರೆ, ಇದೇ ಅಂತ ಹೇಳಕ್ಕಾಗಲ್ಲ, ಒಂದಿಷ್ಟು ಬದುಕಿದ ರೀತಿ, ಒಂದಿಷ್ಟು ಹುಟ್ಟಿನಿಂದ ಬಂದದ್ದು ಅಂದ್ರು. ಒಂದಡಿ ಕರುಳು ಕತ್ತರಿಸಿ ತುದಿಗೆ ತುದಿ ಸೇರಿಸಿದ್ರು. ಹೊಟ್ಟೆ ಮೇಲಿನ ಹೊಲಿಗೆ ನೋಡಿದೆ, ಪರವಾಗಿಲ್ಲ, ಸ್ವಲ್ಪ ಒರಟು.

ಆಮೇಲೆ ರಕ್ತ ಪರೀಕ್ಷೆ. ಒಂದು ಜೀನ್‌ನಲ್ಲಿ ದೋಷ ಇದೆ, ಅಪ್ಪನ ಕಡೆಯಿಂದ ಬಂದಿರಬೇಕು ಅಂದ್ರು. ಅಪ್ಪ ನಲವತ್ತೆರಡಕ್ಕೆ ಹೋದ್ರಲ್ಲ, ಅದನ್ನೂ ನಾವು ಅಲ್ಸರ್ ಅಂತಲೇ ಅಂತಿದ್ವಿ.

ಯಾಕೆ ಹಾಗೆ ನೋಡ್ತೀಯ?

ಹೌದು. ಅಪ್ಪನ ಪ್ರತಿ ಮಗುವಿಗೂ ಅದು ಬರೋ ಸಾಧ್ಯತೆ ಅರ್ಧಕ್ಕರ್ಧ ಅಂದಿದ್ರು. ಹಾಳೆ ಮೇಲೆ ವಂಶದ ಚಿತ್ರ ಬರೆದ್ರು. ಅಪ್ಪನಿಗೊಂದು ಚೌಕ, ಅಮ್ಮನಿಗೊಂದು ವೃತ್ತ, ಕೆಳಗೆ ನಾನು. ಇನ್ಯಾರಿದ್ದಾರೆ ಅಂತ ಪೆನ್ನು ಹಿಡಿದು ಕಾದ್ರು…

ನಿನ್ನ ಕೈಯಲ್ಲಿರೋ ಫೈಲು… ಅದೇ ಆಸ್ಪತ್ರೇದಾ? ನಿನಗೂ ಅದೇನಾ? ನನ್ನ ನೋಡಕ್ಕೆ ಬಂದೆ ಅಂದ್ಕೊಂಡೆ. ಬೈಯೋದಾದ್ರೆ ಬೈ.

ನೀನು ಅಪ್ಪನ ಹೆಸರು ಹೇಳಿದಾಗ ಆ ಹಾಳೆ ಸಿಕ್ತಾ ಅವರಿಗೆ?

ನಾನೊಬ್ಬನೇ ಮಗ, ಇನ್ಯಾರೂ ಇಲ್ಲ ಅಂದೆ. ತಂಗಿ ಇದ್ದಾಳೆ ಅಂದಿದ್ರೆ ಆವತ್ತೇ ನಿನ್ನ ಪರೀಕ್ಷೆಗೆ ಕರೀತಿದ್ರು. ನಿನ್ನ ಮದುವೆಗೆ ಆರು ವಾರ ಇತ್ತು. ಹುಡುಗನ ಮನೆಯವರ ಕಿವಿಗೆ ಬಿದ್ರೆ ಅಂತ… ಮದುವೆ ಮುಗೀಲಿ ಅಂದ್ಕೊಂಡೆ. ಆಮೇಲೆ, ಹೊಸ ಸಂಸಾರ, ಈಗ ಬೇಡ ಅಂದ್ಕೊಂಡೆ. ಆಮೇಲೆ ಹೇಳೋ ಮುಖ ಇರಲಿಲ್ಲ. ಆಗಲೇ ನಿನ್ನ ಪರೀಕ್ಷೆ ಮಾಡಿದ್ದಿದ್ರೆ ಕರುಳಲ್ಲಿ ಶರ್ಟಿನ ಗುಂಡಿಯಷ್ಟು ಗಂಟು ಇರ್ತಿತ್ತೇನೋ. ತೆಗೆದು ಅದೇ ಸಂಜೆ ಮನೆಗೆ ಕಳಿಸೋರು.

ತಂಗಿ ಮದುವೆ ಪೂರ್ತಿ ನಾನೇ ಮಾಡಿದೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೀನಿ. ಅಲ್ಲ. ನಿನ್ನ ಎರಡು ವರ್ಷ ಕೊಟ್ಟು ಮಾಡಿದೆ. ನಿನ್ನ ಕೇಳದೆ.