ಗುಳ್ಳೆ ಏಳದ ಜಾಕೆಟ್

ಆ ಕಂಪ್ರೆಸರ್ ಯಾಕೋ ಆಫ್ ಮಾಡ್ದೆ? ಸಿಲಿಂಡರ್ ಇನ್ನೂ ಅರ್ಧ ತುಂಬಿಲ್ಲ... ಏನು, ಸೋರೋ ಶಬ್ದ ಕೇಳಿಸ್ತಿದೆಯಾ? ಈ ಶೆಡ್‌ನಲ್ಲಿ ಶಬ್ದಕ್ಕೇನು ಬರ. ಹೊರಗೆ ನಿನ್ನ ದೋಣಿ ಗುಡುಗುಡು ಅಂತಿದೆ, ಮೇಲೆ ತಗಡು ಬಡ್ಕೊಳ್ತಿದೆ. ಇಷ್ಟರ ಮಧ್ಯೆ ನನ್ನ ಡೈವಿಂಗ್ ಜಾಕೆಟ್ಟಿಂದ ಗಾಳಿ ಸೋರೋದು ಮಾತ್ರ ನಿನ್ನ ಕಿವಿಗೆ ಬಿತ್ತು! ಇರೋ ತಮ್ಮ ಒಬ್ಬ, ಅವನಿಗೂ ಅನುಮಾನದ ಕಾಯಿಲೆ.

ಹಾಗೆ ಗುರಾಯಿಸಬೇಡ. ಗೊತ್ತು, ರಿಪೇರಿಯೋನು ನೀನು, ನೀನು ಸರಿ ಅಂದ್ರೇನೇ ಇಲ್ಲಿಂದ ಸಾಮಾನು ದೋಣಿ ಹತ್ತೋದು. ಆ ನಿಯಮ ಮಾಡಿದ್ದೇ ನಾನು ಕಣೋ, ಈಗ ನನಗೇ ತಿರುಗಿಸ್ತೀಯಾ? ಆಯ್ತಪ್ಪ, ನೋಡು. ಬೇಗ ನೋಡು. ನಿನ್ನ ಮಗಳು ಆಗಲೇ ದೋಣಿಯಲ್ಲಿ ಮೈಗಂಟಿದ ಡ್ರೆಸ್ ಹಾಕ್ಕೊಂಡು ಬೇಯ್ತಾ ಕೂತಿದ್ದಾಳೆ. ಗುಬ್ಬಿ ಇವತ್ತು ಮೊದಲನೇ ಸಲ ಆಳಕ್ಕೆ ಇಳಿಯೋದು. ಹೋದ್ರೆ ಅತ್ತೆ ಜೊತೆಗೇ ಅಂತ ಎಷ್ಟು ವರ್ಷದಿಂದ ಹಟ ಹಿಡಿದಿದ್ದಾಳೆ, ನಿನಗೇ ಗೊತ್ತು.

ಗಾಳಿ ತುಂಬಬೇಕಾ? ತುಂಬಿದ್ದೀನಲ್ಲ, ಪೈಪ್ ಸಿಕ್ಕಿಸಿ ಬಟನ್ ಒತ್ತಿದ್ದೀನಿ... ಬಾಯಿಂದ ಊದಿ ತೋರಿಸಬೇಕಾ? ಯಾಕೆ? ಸಿಲಿಂಡರ್ ಇರೋವಾಗ ಬಾಯಿಂದ ಯಾಕೋ ಊದಲಿ, ನಾನೇನು ಬಲೂನ್ ಮಾರ್ತೀನಾ? ಹೌದು, ಕಲಿಯೋರಿಗೆಲ್ಲ ನಾನೇ ಹೇಳೋದು. ಬಟನ್ ಕೈಕೊಟ್ರೆ ಬಾಯಿಂದ ಊದಿ ತೇಲಬೇಕು, ಊದೋಕೆ ಆಗದೇ ಇರೋರು ನೀರಿಗೇ ಇಳೀಬಾರ್ದು ಅಂತ. ಅದು ಕಲಿಯೋರಿಗೆ. ನನಗೂ ಪರೀಕ್ಷೆ ಇಡ್ತೀಯಾ ನೀನು?

ಆ ಕೊಕ್ಕೆ ಕಡೆ ಯಾಕೆ ಕೈ ತೋರಿಸ್ತೀಯ? ಆ ಹೊಸದಾ? ಬೇಡ. ಅದು ಬೆನ್ನ ಹಿಂದೆ ಮಾತ್ರ ಗಾಳಿ ತುಂಬೋ ಜಾಕೆಟ್. ನೀರೊಳಗೆ ಚೆಂದ, ಮೀನಿನ ಹಾಗೆ ಮಲಗ್ಕೊಂಡು ಹೋಗಬಹುದು, ಒಪ್ಕೋತೀನಿ. ಮೇಲೆ ಬಂದ ಮೇಲೆ? ಹಿಂದಿನಿಂದ ತಳ್ಳಿ ತಳ್ಳಿ ಮುಖಾನ ನೀರಿಗೆ ಅದ್ದುತ್ತೆ. ಸುಸ್ತಾದ ಮನುಷ್ಯನ ಕೈಲಿ ಅದನ್ನ ಸಂಭಾಳಿಸೋಕಾಗುತ್ತಾ? ನನ್ನದು ಹಳೇದಾದ್ರೂ ಸುತ್ತ ತಬ್ಕೊಳ್ಳುತ್ತೆ, ತಲೆ ಎತ್ತಿ ಹಿಡಿಯುತ್ತೆ... ಏನು? ಯಾರಿಗೆ ಸುಸ್ತು? ಮಾತಿಗೆ ಹೇಳ್ದೆ.

ಜಾಕೆಟ್ ಜೇಬಿಂದ ಸೀಸದ ತೂಕ ಯಾಕೆ ತೆಗೀತಿದ್ದೀಯ? ಹಾಕಿದ್ದು ನಾನೇ. ಸೊಂಟಕ್ಕೆ ತೂಕದ ಬೆಲ್ಟ್ ಬೇಡ ಅನ್ನಿಸ್ತು, ಬಿಗಿಯಾಗುತ್ತೆ. ಗೊತ್ತಪ್ಪ, ಬೆಲ್ಟ್ ಆದ್ರೆ ಆಪತ್ತಲ್ಲಿ ಒಂದೇ ಸಲ ಕಳಚಿ ಬಿಟ್ಟು ಹಗುರಾಗಬಹುದು, ಜೇಬಾದ್ರೆ ಒಂದೊಂದೇ ಹುಡುಕಿ ತೆಗೀಬೇಕು. ನನಗೆ ಪಾಠ ಹೇಳಬೇಡ. ಸ್ವಲ್ಪ ದಪ್ಪ ಆಗಿದ್ದೀನಿ, ಅಷ್ಟೇ. ನಗಬೇಡ... ಓ, ನಗ್ತಾನೂ ಇಲ್ಲ ನೀನು.

ಗುಬ್ಬಿ ಜಾಕೆಟ್ ನಾನೇ ಬಿಚ್ಚಿ ನೋಡಿದ್ದೀನಿ. ಗಾಳಿ ಬಟನ್ ಒಳಗೆ ಉಪ್ಪು ಕೂತಿತ್ತು, ಸಿಹಿನೀರು ಹುಯ್ದು ತೊಳೆದಿಟ್ಟೆ. ಹಾಗೇ ಬಿಟ್ಟಿದ್ರೆ ಏನಾಗ್ತಿತ್ತು ಗೊತ್ತಲ್ಲ. ಒತ್ತಿದ ಬಟನ್ ಮೇಲೇಳಲ್ಲ, ಗಾಳಿ ತುಂಬ್ತಾನೇ ಇರುತ್ತೆ, ಮನುಷ್ಯ ಬೆಂಡಿನ ಹಾಗೆ ಚಿಮ್ಕೊಂಡು ಮೇಲೆ ಹೋಗ್ತಾನೆ. ತಕ್ಷಣ ಪೈಪ್ ಕೀಳಬೇಕು, ದಾರ ಎಳೆದು ಗಾಳಿ ಬಿಡಬೇಕು. ಮುಖ್ಯವಾಗಿ ಉಸಿರು ಹಿಡೀಬಾರ್ದು. ಹಿಡಿದ್ರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಾನೇ ಒಡೆದುಹೋಗುತ್ತೆ. ಎದೆ ಕಟ್ಟಿಕೊಂಡಿದ್ರೂ ಅಷ್ಟೇ, ಗಾಳಿ ಒಳಗೇ ಸಿಕ್ಕಿಬೀಳುತ್ತೆ, ನಿಧಾನಕ್ಕೆ ಬಂದ್ರೂ... ಬಿಡು, ಅವಳಿಗೆ ಇದೆಲ್ಲ ಬಾಯಿಪಾಠ. ಗಾಬರೀಲಿ ಮರೆತ್ರೂ ಪಕ್ಕದಲ್ಲಿ ನಾನಿರ್ತೀನಲ್ಲ, ಹಿಡ್ಕೊಂಡು ಪೈಪ್ ಕೀಳೋಕೆ. ಆ ಧೈರ್ಯದ ಮೇಲೇ ತಾನೇ ನೀನು ಅವಳನ್ನ ಕಳಿಸ್ತಿರೋದು.

ಕೂತ್ಕೋ ಅಂತ ಯಾಕೆ ಸ್ಟೂಲ್ ಎಳೀತೀಯ? ಬೆವರಾ? ತಗಡಿನ ಶೆಡ್ ಕಾದು ಹಂಚಾಗಿದೆ, ಬೆವರದೆ ಇನ್ನೇನು. ಅಯ್ಯೋ, ಬಾಗಿಲು ಬೇರೆ ಹಾಕಿದ್ಯಲ್ಲ! ದೋಣಿ ಎಂಜಿನ್ನೂ ನಿಲ್ಸು ಅಂತ ಕೂಗಿದ್ಯಾ? ಒಂದು ಜಾಕೆಟ್‌ಗೆ ಇಷ್ಟೊಂದು ರಾದ್ಧಾಂತ. ಏನು, ತುಟಿ ಮೇಲೆ ಬೆರಳು? ಅಕ್ಕನ ಬಾಯಿ ಮುಚ್ಚಿಸೋಷ್ಟು ದೊಡ್ಡೋನಾದ್ಯಾ? ಎತ್ತಿ ಆಡಿಸಿದ ಕೈ ಇದು, ನೆನಪಿರಲಿ... ಸರಿ. ಸುಮ್ನಿರ್ತೀನಿ. ಕೇಳ್ಕೋ.

...

ಆಯ್ತಾ? ಏನೂ ಇಲ್ಲ ತಾನೇ... ಇದೆಯಾ? ಇದ್ರೆ ತೊಟ್ಟಿ ನೀರಿಗೆ ಅದ್ದು. ಅದ್ದೋ, ಅನುಮಾನ ಯಾಕೆ ಉಳೀಬೇಕು. ಪೂರ್ತಿ ಒತ್ತಿ ಹಿಡಿ. ಭುಜದ ಹೊಲಿಗೆ ನೋಡು. ಬಟನ್ ಸುತ್ತ ನೋಡು. ಕೆಳಗೆ ದಾರ ಇರೋ ಕಡೆ ತಿರುಗಿಸಿ ನೋಡು. ಎಲ್ಲೋ ಗುಳ್ಳೆ? ಒಂದೇ ಒಂದು ಗುಳ್ಳೆ ತೋರಿಸು, ನಾನಿವತ್ತು ದೋಣಿ ಹತ್ತಲ್ಲ. ನೋಡಿದ್ಯಾ, ಹೇಳಿದ್ನೋ ಇಲ್ವೋ! ಈ ಜಾಕೆಟ್ ಇಲ್ಲಿವರೆಗೂ ನನ್ನ ಕೈಬಿಟ್ಟಿಲ್ಲ. ತೆಗಿ ಇನ್ನು, ಒರೆಸಿ ಕೊಡು, ಹೊರಡೋಣ.

ತೆಗಿಯೋ. ಇನ್ನೂ ಯಾಕೆ ನೀರಲ್ಲೇ ಒತ್ತಿ ಹಿಡಿದಿದ್ದೀಯ? ಗೆದ್ದೆ ತಾನೇ ನಾನು? ಜಾಕೆಟ್ ಬಿಟ್ಟು ನನ್ನ ಕಡೆ ಏನು ನೋಡೋದು... ಮಾತಾಡು. ಬೈಯೋದಿದ್ರೆ ಬೈ. ಹೀಗೆ ಮಾತ್ರ ಸುಮ್ನಿರಬೇಡ. ನೀನು ಸುಮ್ನಿದ್ರೆ...

ಸುಮ್ನಿದ್ರೆ ಕೇಳಿಸುತ್ತೆ.

ಜಾಕೆಟ್ ನೀರೊಳಗಿದೆ, ಶಬ್ದ ಇಲ್ಲೇ ಇದೆ. ನಿಂತು ನಿಂತು ಬರ್ತಿದೆ, ಅಲ್ವಾ? ತೂತಿಂದ ಸೋರೋ ಗಾಳಿ ಹಾಗೆ ಬರಲ್ಲ. ನಿನಗೆ ಮೊದಲೇ ಗೊತ್ತಾಗಿತ್ತು, ಅದಕ್ಕೇ ಕಂಪ್ರೆಸರ್ ಆಫ್ ಮಾಡ್ದೆ.

ಶೀತ ಅಂದ್ಕೊಂಡಿದ್ದೆ ಕಣೋ. ಡಾಕ್ಟರು ಅಲ್ಲ ಅಂದ್ರು, ಎದೆ ಮೇಲೆ ಯಂತ್ರ ಇಟ್ಟು ಕೇಳಿ, ಇನ್ಮೇಲೆ ನೀರಿನ ಆಸೆ ಬಿಟ್ಟುಬಿಡಿ ಅಂದ್ರು. ಇದೊಂದು ಸಲ, ಗುಬ್ಬಿನ ಕರ್ಕೊಂಡು ಹೋಗಿ ಬಂದು, ಆಮೇಲೆ ನಿನಗೆ ಹೇಳೋಣ ಅಂತಿದ್ದೆ. ಅವಳ ಬಟನ್ ಸಿಕ್ಕಿಕೊಂಡಿದ್ರೆ, ಅದೇ ಹೊತ್ತಿಗೆ ನನಗೆ ಉಸಿರು ಕಟ್ಟಿದ್ರೆ... ಕೇಳೋ. 'ನನ್ನ ಮಗಳ ಕೈ ಯಾರು ಹಿಡೀತಿದ್ರು' ಅಂತ ಕೇಳು. ನೀನು ಕೇಳಿದ್ರೆ ನಾನು ಜಗಳನಾದ್ರೂ ಆಡ್ತೀನಿ.

ಕರೀತಿದ್ದಾಳೆ ನೋಡು, ಅತ್ತೆ ಅಂತ. ನಾನು ಹೋಗಲ್ಲ. ಈ ಮುಖ ಹೊತ್ಕೊಂಡು ಅವಳ ಮುಂದೆ ನಿಲ್ಲೋಕೆ ನನ್ನ ಕೈಲಾಗಲ್ಲ. ನೀನು ಹೋಗು. ಹೋಗ್ತಾ ಆ ಕಂಪ್ರೆಸರ್ ಹಾಕು, ಈ ಶಬ್ದ ಅವಳ ಕಿವಿಗೆ ಬೀಳೋದು ಬೇಡ. ಏನು ಹೇಳಲಿ ಅಂತೀಯಾ?

ಅತ್ತೆ ಜಾಕೆಟ್ ಸೋರ್ತಿದೆ ಅಂತ ಹೇಳು.