ಅದೇನಾ, ಅಂಥದ್ದೇನಾ?

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಯಜಮಾನರೇ, ಇಂದು ನಿವೃತ್ತರಾಗುತ್ತಿರುವ ಅಕ್ಕನವರೇ, ಮೆಕ್ಯಾನಿಕ್ ಮಿತ್ರರೇ, ತಿಂಡಿಯ ವಾಸನೆಗೆ ಬಾಗಿಲ ಕಡೆ ತಿರುಗಿರುವ ಸಭಿಕರೇ,

ಹೊಲಿಗೆ ಯಂತ್ರ ರಿಪೇರಿ ಮಾಡುವ ಈ ಕಾರ್ಖಾನೆಗೆ ನಾನು ಮ್ಯಾನೇಜರ್. ನಮ್ಮ ಹುಡುಗರು ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಪರೀಕ್ಷಿಸುವುದು ಅಕ್ಕನ ಕೆಲಸ. ಅವರಿಗೆ ನಾವಿಟ್ಟ ಹೆಸರು ‘ಅದೇನಾ ಅಕ್ಕ’. ಏನು ತೋರಿಸಿದರೂ ಒಂದೇ ಪ್ರಶ್ನೆ: “ಅದೇನಾ, ಅಂಥದ್ದೇನಾ?” ಎದುರಿಗೇ ನಕ್ಕಿದ್ದೇವೆ, ಬೆನ್ನ ಹಿಂದೆ ಇನ್ನೂ ಜೋರಾಗಿ ನಕ್ಕಿದ್ದೇವೆ. ಆ ಪ್ರಶ್ನೆ ನನ್ನ ಮನೆಗೇ ಬರುವವರೆಗೆ!

ನನ್ನ ಚಿಕ್ಕಮ್ಮ, ಅಗೋ, ಮೊದಲ ಸಾಲಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡಿದ್ದಾಳಲ್ಲ, ಅವಳೇ, ತನ್ನ ಯಂತ್ರವನ್ನು ಇಲ್ಲಿಗೆ ರಿಪೇರಿಗೆ ಕೊಟ್ಟಿದ್ದಳು. ನನ್ನನ್ನು ಹೆತ್ತು ತಾಯಿ ಹೋದ ಮೇಲೆ ಅಪ್ಪ ಮದುವೆಯಾಗಿ ತಂದ ಹುಡುಗಿ ಇವಳು. ಬರುವಾಗ ಆ ಯಂತ್ರವನ್ನೂ ತಂದಳು. ಊರವರ ಬಟ್ಟೆ ಹೊಲಿದೇ ನನ್ನನ್ನು ಓದಿಸಿದಳು. ರಿಪೇರಿಯಾಗಿ ಮನೆಗೆ ಬಂದ ಯಂತ್ರದ ಮುಂದೆ ಕೂತಳು, ಕಾಲಿಟ್ಟಳು, ಎದ್ದುಬಿಟ್ಟಳು.

“ಇದು ನಂದಲ್ಲ ಕಣೋ.”

“ಅದೇ ಕಂಪನಿ, ಅದೇ ಬಣ್ಣ. ನಿನ್ನದಕ್ಕಿಂತ ಇದೇ ಚೆನ್ನಾಗಿದೆಯಲ್ಲ?”

“ಹಾಗಾದ್ರೆ ನಿನಗಿಂತ ಚೆನ್ನಾಗಿರೋನು ಸಿಕ್ರೆ ನಿನ್ನ ಕೊಟ್ಟು ಅವನನ್ನ ಕರ್ಕೊಂಡು ಬರ್ಲಾ?”

ಅವಳನ್ನೂ ಕರೆದುಕೊಂಡು ಅಕ್ಕನ ಮೇಜಿಗೆ ಬಂದೆ. ಅಕ್ಕ ಪರದೆ ನೋಡಿದರು.

“ಸಾರ್, ಪ್ರೋಗ್ರಾಮಲ್ಲಿ ಎರಡು ಥರ ಹೋಲಿಸಬಹುದು. ಎರಡರ ವಿವರ ಸಮ ಇದೆಯಾ ಅಂತ ಒಂದು. ಎರಡೂ ಒಂದೇ ವಸ್ತುನಾ ಅಂತ ಇನ್ನೊಂದು. ಯಾರಿಗೆ ಯಾವ ಯಂತ್ರ ವಾಪಸ್ ಕೊಡಬೇಕು ಅನ್ನೋ ಕಡೆ ನಮ್ಮವರು ಮೊದಲನೇದು ಕೇಳಿದ್ದಾರೆ, ಅದು ಹೌದು ಅಂದಿದೆ. ಪಾಪ, ಅದರ ತಪ್ಪೇನು?”

ಮನೆಗೆ ಬಂದದ್ದು ಯಾರೋ ಹಳೆಯದು ಕೊಟ್ಟು ಹೊಸದು ಕೊಂಡಾಗ ಬಿಟ್ಟುಹೋದ ಯಂತ್ರ. ಅದನ್ನು ಬಿಚ್ಚಿ ಬಿಡಿಭಾಗ ಮಾಡಬೇಕಿತ್ತು. ಹಾಗಾದರೆ ಚಿಕ್ಕಮ್ಮನದು ಎಲ್ಲಿ? ಬಿಚ್ಚುವ ಕೋಣೆಯಲ್ಲಿ!

ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಅಲ್ಲಿ ಒಂದೇ ಅಚ್ಚಿನ ಕಪ್ಪು ಯಂತ್ರಗಳ ಸಾಲು. ಚಿಕ್ಕಮ್ಮ ಹಲಗೆಗಳ ಮೂಲೆ ಸವರುತ್ತಾ ಹೋಗಿ, ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಚ್ಚಿದ್ದ ಯಂತ್ರದ ಮುಂದೆ ನಿಂತು, “ಇಗೋ” ಎಂದಳು. ಮಂಡಿಯೂರಿ ನೋಡಿದೆ. ಮರದ ಮೇಲೆ ಪುಟ್ಟ ಹಲ್ಲಿನ ಗುರುತು! ಹಲ್ಲು ಬರುವಾಗ ನಾನೇ ಕಚ್ಚಿದ್ದಂತೆ.

“ಸಾರ್, ಬಾಯಿ ತೆಗೀರಿ, ತಾಳೆ ನೋಡೋಣ” ಎಂದ ಮೆಕ್ಯಾನಿಕ್.

“ಆ ಹಲ್ಲೆಲ್ಲ ಯಾವಾಗ್ಲೋ ಉದುರಿಹೋಯ್ತಪ್ಪ” ಎಂದಳು ಚಿಕ್ಕಮ್ಮ.

“ಬಾಯಿ ಮಾತ್ರ ಅದೇ!” ಎಂದರು ಅಕ್ಕ.

ಆಮೇಲೆ ನಮ್ಮ ಹುಡುಗರು ಹೆದರಿ ಎಲ್ಲ ಕಡೆ ‘ಅದೇನಾ’ ಪ್ರಶ್ನೆಯನ್ನೇ ಹಾಕಿದರು. ಕಪಾಟು ತುಂಬ ದಾರ ಸುತ್ತುವ ಬಾಬಿನ್ ಇದ್ದರೂ ಕಂಪ್ಯೂಟರು ಇಲ್ಲ ಎನ್ನತೊಡಗಿತು. ಗಿರಾಕಿ ಕಳೆದುಕೊಂಡ ಬಾಬಿನ್ನೇ ಬೇಕಂತೆ ಅದಕ್ಕೆ! ಅದನ್ನೂ ಹಿಡಿದವರು ಅಕ್ಕನೇ. “ಬಾಬಿನ್ನಿಗೆ ಅಂಥದ್ದು ಸಾಕು, ಯಂತ್ರಕ್ಕೆ ಅದೇ ಬೇಕು” ಎಂದರು. ಈ ವಿವೇಕಕ್ಕೆ, ಅಕ್ಕಾ, ನಾವು ಹೇಗೆ ಕೃತಜ್ಞತೆ ಹೇಳೋಣ?

ಮೊದಲ ಸಾಲಿನಲ್ಲಿರುವ ಚೀಲ ನಿಮಗೆಂದು ಅದೇ ಯಂತ್ರದಲ್ಲಿ ಹೊಲಿದದ್ದು. ಅದನ್ನು ಕೊಡುವವರ ಹೆಸರಿನ ಮುಂದೆ ‘ತಾಯಿ ಸಮಾನರಾದ’ ಎಂದು ಆಹ್ವಾನ ಪತ್ರಿಕೆಯಲ್ಲಿ ನಾನೇ ಅಚ್ಚು ಹಾಕಿಸಿದ್ದೆ. ಗೌರವಕ್ಕೆಂದೇ ಹಾಕಿಸಿದ್ದು. ಸಭಿಕರೇ, ದಯವಿಟ್ಟು ಆ ‘ಸಮಾನ’ವನ್ನು ಹೊಡೆದುಹಾಕಿ.

ಅಮ್ಮಾ, ಮೇಲೆ ಬಾ. ನಿಧಾನ, ಮೆಟ್ಟಿಲಿದೆ. ಅಕ್ಕ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಮ್ಮನಂಥವಳಲ್ಲ, ಅಮ್ಮನೇ.

ಇಷ್ಟು ಹೊತ್ತು ತಿಂಡಿ ಬಿಟ್ಟು ನನ್ನ ಮಾತು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.